ಮುಚ್ಚಳದೊಳಗಿನ ತೂಗುದೀಪ

ಮಗಳ ಮದುವೆ ಗೊತ್ತಾದಾಗ ಅವಳಿಗೆ ಚಕ್ರವಿರುವ ಹೊಸ ಸೂಟ್‌ಕೇಸ್ ಕೊಡಿಸಬೇಕೆಂದಿದ್ದೆ. ಮಹಬೂಬನಗರದ ಅಂಗಡಿಯಲ್ಲಿ ಬಣ್ಣ ಕೂಡ ನೋಡಿಟ್ಟು ಬಂದಿದ್ದೆ. ಅವಳು ಒಪ್ಪಲಿಲ್ಲ.

"ಅಟ್ಟದ ಮ್ಯಾಲ ಐತಲ್ಲವ್ವಾ, ನೀ ತಂದಿದ್ದ ಪೆಟಗಿ, ಅದ ಬೇಕು ನನಗ," ಎಂದಳು.

"ಅದರಾಗ ಇಲಿ ಎಷ್ಟ ಬಾಣಂತನ ಮಾಡಿಕೊಂಡಾವೋ ಏನೋ. ಅದನ್ನ ಹಿಡಕೊಂಡು ಗಂಡನ ಮನಿಗಿ ಹೋಗ್ತಿ?"

"ನೀ ಛಂದ ಮಾಡಿಕೊಡು. ಊರಮಂದಿಗೆಲ್ಲಾ ಬ್ಲೌಸ್ ಹೊಲಿದು ಕೊಡ್ತಿ, ಮಗಳಿಗಿ ಒಂದ ಪೆಟಗಿ ಮಾಡಿಕೊಡಾಕ ಆಗಂಗಿಲ್ಲೇನು?"

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ಎಲ್ಲಿ ಚುಚ್ಚಿದರೆ ನಾನು ಎದ್ದು ಕೂರುತ್ತೇನೆ ಎನ್ನುವುದು ಅವಳಿಗೆ ಗೊತ್ತು. ಅದೇ ಮಧ್ಯಾಹ್ನ ಏಣಿ ಹಾಕಿ ಪೆಟ್ಟಿಗೆ ಕೆಳಗಿಳಿಸಿದೆ.

ಮೂವತ್ತೊಂದು ವರ್ಷದ ಹಿಂದೆ ನಮ್ಮಪ್ಪ ಅದನ್ನು ರಾಯಚೂರಿನಲ್ಲಿ ಕೊಂಡಿದ್ದ. ನಾರಾಯಣಪೇಟೆಯಿಂದ ಮಕ್ತಲಿಗೆ ನಾನು ಸೊಸೆಯಾಗಿ ಬಂದಾಗ ಅದರಲ್ಲಿ ಒಂಬತ್ತು ಸೀರೆ, ಒಂದು ದೊಡ್ಡ ಕತ್ತರಿ, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಇದ್ದವು. ಗಟ್ಟಿ ರಟ್ಟಿನ ಮೈ, ನಾಲ್ಕು ಮೂಲೆಗೂ ಚರ್ಮದ ತುಂಡು, ಮುಂದೆ ಎರಡು ಹಿತ್ತಾಳೆಯ ಕೊಂಡಿ. ಬಲಗಡೆಯ ಕೊಂಡಿ ಸಾಧು. ಎಡಗಡೆಯದು ಬಂದ ಎರಡನೇ ವರ್ಷಕ್ಕೇ ಹಟ ಹಿಡಿಯಿತು. ಎಡ ಅಂಗೈಯಿಂದ ಮುಚ್ಚಳವನ್ನು ಬಲವಾಗಿ ಒತ್ತಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಗುಂಡಿಯನ್ನು ಹೊರಗಡೆಗಲ್ಲ, ಒಳಗಡೆಗೆ ಸರಿಸಿದರೆ ಮಾತ್ರ ಟಕ್ ಎಂದು ಏಳುತ್ತದೆ. ಈ ವಿದ್ಯೆ ನನಗೊಬ್ಬಳಿಗೇ ಗೊತ್ತಿತ್ತು. ಗಂಡನಿಗೂ ಕಲಿಸಿರಲಿಲ್ಲ. ಹೆಂಗಸಿಗೆ ಅಷ್ಟಾದರೂ ಗುಟ್ಟು ಬೇಡವೇ?

ಒಳಗಿನ ಕಾಗದವೆಲ್ಲ ಬೂಷ್ಟು ಹಿಡಿದು, ಮುಟ್ಟಿದರೆ ಪುಡಿಯಾಗುತ್ತಿತ್ತು. ಅದನ್ನು ಕೆರೆದು ತೆಗೆದು, ಪೆಟ್ಟಿಗೆಯನ್ನು ಮಾಳಿಗೆಯ ಮೇಲೆ ನಾಲ್ಕು ದಿನ ಬಾಯಿ ತೆರೆಸಿ ಬಿಸಿಲಿಗಿಟ್ಟೆ. ಬೇವಿನ ಎಲೆ ತುಂಬಿ ಮತ್ತೆರಡು ದಿನ ಮುಚ್ಚಿಟ್ಟೆ. ಕೊಂಡಿಗಳಿಗೆ ಹುಣಸೆಹಣ್ಣು ಉಜ್ಜಿ, ಎಣ್ಣೆ ಬಿಟ್ಟೆ. ಹಿತ್ತಾಳೆ ಬಂಗಾರದ ಹಾಗೆ ಹೊಳೆಯಿತು, ಆದರೆ ಎಡಗಡೆಯದರ ಹಟ ಹಾಗೇ ಉಳಿಯಿತು. ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ? ಇರಲಿ ಬಿಡು ಎಂದು ಹೊಸ ಕೊಂಡಿ ಹಾಕಿಸಲಿಲ್ಲ.

ಒಳಗೆ ಬಟ್ಟೆ, ಹೊರಗೆ ಚಿತ್ರ ಎಂದು ಲೆಕ್ಕ ಹಾಕಿದೆ. ಫೋನಿನಲ್ಲಿ ಒಬ್ಬ ಹೆಂಗಸು ಹಳೆಯ ಸೂಟ್‌ಕೇಸಿಗೆ ಹೂವಿನ ಕಾಗದ ಅಂಟಿಸಿ, ಮೇಲೆ ವಾರ್ನಿಷ್ ಬಳಿದು ತೋರಿಸಿದ್ದಳು. ಅದಕ್ಕೆ ಡೆಕೂಪಾಜ್ ಎನ್ನುತ್ತಾರಂತೆ. ನಾವು ಚಿಕ್ಕವರಿದ್ದಾಗ ಕ್ಯಾಲೆಂಡರಿನ ಲಕ್ಷ್ಮಿಯನ್ನು ಕತ್ತರಿಸಿ, ಟ್ರಂಕಿನ ಮುಚ್ಚಳಕ್ಕೆ ಅನ್ನದ ಅಗಳು ಹಚ್ಚಿ ಅಂಟಿಸುತ್ತಿದ್ದೆವು. ಅದಕ್ಕೆ ಹೆಸರೇ ಇರಲಿಲ್ಲ.

ಬಟ್ಟೆಯಿಂದ ಶುರು ಮಾಡಿದೆ, ಅಲ್ಲೇ ಮೊದಲ ಪೆಟ್ಟು ತಿಂದೆ. ಮಗಳು ಹೋಗುತ್ತಿರುವುದು ಗದ್ವಾಲಕ್ಕೆ, ಹಾಗಾಗಿ ನನ್ನದೊಂದು ಗದ್ವಾಲ ಸೀರೆಯನ್ನೇ ಕತ್ತರಿಸಿದೆ. ಎರಡೇ ಸಲ ಉಟ್ಟು, ನೀರು ಕಾಣಿಸದೆ ಎತ್ತಿಟ್ಟದ್ದು. ಆ ಸೀರೆಯ ಮೈ ಹತ್ತಿ, ಅಂಚು ರೇಷ್ಮೆ. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಹೆಣೆದು ಕೂಡಿಸಿರುತ್ತಾರೆ. ಮೈದಾ ಗಂಜಿ ಕಾಯಿಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ, ಬಿಸಿಬಿಸಿ ಬಳಿದು ಬಟ್ಟೆ ಅಂಟಿಸಿದೆ. ಎಷ್ಟು ನುಣುಪಾಗಿ ಕೂತಿತೆಂದರೆ ನಾನೇ ನಿಂತು ನೋಡಿದೆ. ಮರುದಿನ ಮುಚ್ಚಳ ತೆಗೆದರೆ ಹತ್ತಿ ಕುಗ್ಗಿ ಒಳಗೆ ಎಳೆದುಕೊಂಡಿದೆ, ರೇಷ್ಮೆ ಕುಗ್ಗದೆ ಅಂಚಿನುದ್ದಕ್ಕೂ ಸುಕ್ಕುಗಟ್ಟಿ ನಿಂತಿದೆ. ಮೂವತ್ತು ವರ್ಷ ಬಟ್ಟೆ ಕತ್ತರಿಸಿದವಳು ಮಾಡುವ ತಪ್ಪೇ ಇದು? ಸಿಟ್ಟಿಗೆ ಗಂಜಿಯ ಪಾತ್ರೆಯನ್ನು ಹಿತ್ತಲಿಗೆ ಎಸೆದೆ. ಆಮೇಲೆ ನಾನೇ ಹೋಗಿ ಎತ್ತಿಕೊಂಡು ಬಂದೆ.

ನಾರಾಯಣಪೇಟೆಯಲ್ಲಿ ತವರು ಮನೆಯ ಓಣಿಯಲ್ಲಿ ಒಬ್ಬ ಮುದುಕ ನೇಕಾರರಿದ್ದಾರೆ. ನಾನು ಲಂಗ ಉಡುವಾಗಿನಿಂದ ನೋಡಿದವರು. ಅವರಲ್ಲಿಗೆ ಹೋಗಿ ಸುಕ್ಕಿನ ಫೋಟೋ ತೋರಿಸಿದೆ. ಬಹಳ ಹೊತ್ತು ನಕ್ಕರು.

"ಹತ್ತಿಗಿ ಮೊದಲ ನೀರು ಕುಡಸಬೇಕವ್ವಾ. ಕುಗ್ಗೋದು ಕುಗ್ಗಲಿ, ಆಮ್ಯಾಲ ಅಂಟಸಬೇಕು. ಬೀಗತನ ಮಾಡಿದಂಗ ಇದು. ಎರಡೂ ಕಡಿ ಸ್ವಭಾವ ನೋಡದ ಗಂಟು ಹಾಕಿದ್ರ ಹಿಂಗ ಸುಕ್ಕ ಬೀಳತೈತಿ."

ಬೈಯುತ್ತಲೇ ಒಳಗೆ ಹೋಗಿ, ಮಗ್ಗದಲ್ಲಿ ಉಳಿದಿದ್ದ ನಾರಾಯಣಪೇಟೆ ಚೌಕಳಿ ಬಟ್ಟೆಯ ತುಂಡೊಂದನ್ನು ತಂದು ಮಡಿಲಿಗೆ ಹಾಕಿದರು. ಹಸಿರು ಮೈಗೆ ಕೆಂಪು ಗೆರೆಯ ಚೌಕಳಿ. "ತವರೂರಿಂದು ಒಳಗ ಇರಲಿ, ಗಂಡನ ಊರಿಂದು ಅಂಚಿಗಿರಲಿ," ಎಂದರು. ಹಾಗೇ ಮಾಡಿದೆ. ಎರಡನ್ನೂ ರಾತ್ರಿಯಿಡೀ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ, ಚೌಕಳಿಯನ್ನು ಒಳಮೈಗೂ ಗದ್ವಾಲದ ರೇಷ್ಮೆಯನ್ನು ಸುತ್ತಲ ಅಂಚಿಗೂ ಕೂಡಿಸಿದೆ. ಒಂದೂ ಸುಕ್ಕಿಲ್ಲ. ಆ ಪೆಟ್ಟಿಗೆ ಚೆನ್ನಾಗಿ ಬಂದಿದ್ದರೆ ಅರ್ಧ ಪುಣ್ಯ ಆ ಅಜ್ಜನದು.

ಇನ್ನು ಚಿತ್ರಗಳು. ಅದಕ್ಕೆ ಪೇಟೆಗೆ ಹೋಗಬೇಕಾಗಿರಲಿಲ್ಲ. ನಮ್ಮ ಕಡೆ ಬಂದ ಕಾರ್ಡನ್ನು ಯಾರೂ ಕಸಕ್ಕೆ ಹಾಕುವುದಿಲ್ಲ. ಮೇಲೆ ದೇವರಿರುತ್ತಾನೆ, ಮೂಲೆಗೆ ಅರಿಶಿನ ಹಚ್ಚಿರುತ್ತದೆ, ಎಸೆಯುವುದು ಹೇಗೆ? ಚೀಲ ತುಂಬಿದ ಮೇಲೆ ಯಾವಾಗಲಾದರೂ ಕೃಷ್ಣೆಗೆ ಬಿಟ್ಟು ಬರುವುದು. ನಮ್ಮ ಮನೆಯವರಂತೂ ಕರೆದ ಯಾವ ಕಾರ್ಯವನ್ನೂ ಬಿಟ್ಟವರಲ್ಲ. ಮಕ್ತಲಿನಿಂದ ಐಜದವರೆಗೆ ಎಲ್ಲಿ ಪಂಕ್ತಿ ಬಿದ್ದರೂ ಇವರ ಎಲೆ ಇರಬೇಕು. ಹತ್ತು ವರ್ಷದ ಕಾರ್ಡು ಒಂದು ಗೋಣಿಚೀಲದಲ್ಲಿ ಒತ್ತಿ ತುಂಬಿದ್ದವು.

ನಾನು ಚಾಪೆ ಹಾಸಿ ಕತ್ತರಿಸುತ್ತಾ ಕೂತೆ. ತೆಲುಗಿನವು, ಕನ್ನಡದವು, ಎರಡೂ ಇರುವವು. ನನಗೆ ಓದುವ ಕೆಲಸವಿರಲಿಲ್ಲ, ಚಿತ್ರ ಮಾತ್ರ ಬೇಕಿತ್ತು. ಗಣಪ, ನವಿಲು, ಬಾಳೆಕಂಬ, ಕಳಶ, ಕೈಗೆ ಕೈ ಕೂಡಿಸಿದ ಗಂಡು ಹೆಣ್ಣು. ಅವನ್ನೆಲ್ಲ ಹೊರಗಿನ ಮುಚ್ಚಳದ ತುಂಬ ಒತ್ತೊತ್ತಾಗಿ ಅಂಟಿಸಿ, ಮೂರು ಸಲ ವಾರ್ನಿಷ್ ಬಳಿದೆ. ಒಳಮುಚ್ಚಳದ ನಡುವೆ ಅಂಗೈಯಗಲ ಜಾಗ ಬಿಟ್ಟಿದ್ದೆ. ಪೆಟ್ಟಿಗೆ ತೆರೆದವರ ಕಣ್ಣಿಗೆ ಮೊದಲು ಬೀಳುವ ಜಾಗ ಅದು, ಅಲ್ಲಿಗೆ ಎಲ್ಲಕ್ಕಿಂತ ಚೆನ್ನಾಗಿರುವುದು ಬೇಕು. ಹುಡುಕುತ್ತಾ ಹುಡುಕುತ್ತಾ ಒಂದು ತೂಗುದೀಪ ಸಿಕ್ಕಿತು. ಕೆನೆಬಣ್ಣದ ಕಾರ್ಡಿನ ಮೇಲೆ ಹಿತ್ತಾಳೆಯ ತೂಗುದೀಪದ ಫೋಟೋ, ಅಷ್ಟೇ. ದೀಪದ ಮೇಲೊಂದು ಹಂಸ, ಸರಪಳಿಗೆ ಮಲ್ಲಿಗೆ ಮಾಲೆ, ಉರಿಯುವ ಬತ್ತಿ. ಹಂಸದ ಕೊಕ್ಕು ಮಾತ್ರ ಮೊಂಡಾಗಿ ಕಂಡಿತು. ಪ್ರೆಸ್ಸಿನವರ ತಪ್ಪಿರಬೇಕೆಂದುಕೊಂಡು ಕತ್ತರಿಸಿ ನಡುವೆ ಕೂಡಿಸಿದೆ. ನನ್ನ ಕೈಯ ಬಗ್ಗೆ ನನಗೇ ಹೆಮ್ಮೆಯಾಯಿತು.

ಈಗ ಬೀಗಿತ್ತಿಯ ವಿಷಯ ಹೇಳಬೇಕು. ಅಳಿಯನ ತಂದೆ ನಾಲ್ಕು ವರ್ಷದ ಹಿಂದೆಯೇ ತೀರಿಹೋಗಿದ್ದರು. ಗದ್ವಾಲದ ಆ ಮನೆಯಲ್ಲಿ ಹಿರಿಯಳೆಂದರೆ ಅಳಿಯನ ತಾಯಿ, ನನ್ನ ಬೀಗಿತ್ತಿ. ನಿಶ್ಚಯದ ದಿನ ಆಕೆ ಏನೂ ಕೇಳಲಿಲ್ಲ, ಹೆಚ್ಚು ಮಾತೂ ಆಡಲಿಲ್ಲ. ಹೊರಡುವಾಗ ಒಂದೇ ಮಾತು ಹೇಳಿದರು: "ನಮ್ಮನ್ಯಾಗ ಒಂದ ಪದ್ಧತಿ ಐತ್ರಿ. ಸೊಸಿ ತಂದ ಪೆಟಗಿ ಮರುದಿನ ಹನ್ನೊಂದು ಗಂಟೇಕ ಎಲ್ಲಾರ ಮುಂದ ತೆಗೀತೀವಿ. ಒಳಗ ಏನರ ಇರಲಿ, ಒಂದ ಸೀರಿ ಇದ್ರೂ ಸಾಕು." ಮಾತು ಒಳ್ಳೆಯದೇ, ಆದರೆ ಮುಖದಲ್ಲಿ ನಗು ಇರಲಿಲ್ಲ. ಬಿಗುಮಾನದ ಹೆಂಗಸು ಎಂದು ಅಂದೇ ಮನಸ್ಸಿನಲ್ಲಿ ಬರೆದುಕೊಂಡೆ.

ಮಕ್ತಲಿನಲ್ಲೇ ಮದುವೆಯಾಯಿತು. ಆಕೆ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಗಂಡಿನ ಕಡೆಯ ಶಾಸ್ತ್ರವನ್ನೆಲ್ಲ ಆಕೆಯ ಮೈದುನನ ಹೆಂಡತಿ ಮಾಡಿದಳು. ಅಕ್ಷತೆ ಹಾಕುವಾಗ ನಾನು ಬೇಕೆಂದೇ ಹಿಂದಿರುಗಿ ನೋಡಿದೆ. ಆಕೆಯ ಮುಷ್ಟಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ನನ್ನ ಮಗಳ ತಲೆಯ ಮೇಲೆ ಒಂದು ಕಾಳನ್ನೂ ಹಾಕಲಿಲ್ಲ. ನನ್ನ ಮೈಯೆಲ್ಲ ಉರಿಯಿತು. ಮಗಳನ್ನು ಕಾರಿಗೆ ಹತ್ತಿಸಿ, ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು ಕಳಿಸುವಾಗ ಅಳುವುದಕ್ಕಿಂತ ಹೆಚ್ಚು ಸಿಟ್ಟಿನಲ್ಲೇ ಇದ್ದೆ.

ಮರುದಿನ ಬೆಳಿಗ್ಗೆ ಮನೆ ಗುಡಿಸುವಾಗ ಕತ್ತರಿಸಿ ಉಳಿದ ಕಾರ್ಡುಗಳ ಚೀಲ ಕಾಲಿಗೆ ಸಿಕ್ಕಿತು. ಹೊಳೆಗೆ ಬಿಡಲು ಕಟ್ಟೋಣವೆಂದು ಜೋಡಿಸುತ್ತಿದ್ದೆ. ದೀಪದ ಆಕಾರದಲ್ಲಿ ನಡುವೆ ತೂತಾದ ಕೆನೆಬಣ್ಣದ ಕಾರ್ಡು ಕೈಗೆ ಬಂತು. ಸುಮ್ಮನೆ ಬಿಡಿಸಿ ನೋಡಿದೆ. ಒಳಗೆ ಕನ್ನಡದಲ್ಲಿ 'ಶಿವಗಣಾರಾಧನೆ' ಎಂದಿತ್ತು. ಮದುವೆಯದಲ್ಲ, ಸತ್ತವರ ಕಾರ್ಯದ ಕಾರ್ಡು. ಕೆಳಗಿನ ಹೆಸರು ಓದಿದೆ. ಅಳಿಯನ ತಂದೆಯ ಹೆಸರು.

ನಾನು ಅಲ್ಲೇ ಕಸದ ನಡುವೆ ಕೂತುಬಿಟ್ಟೆ.

"ಏನ್ರೀ!" ಎಂದು ಕೂಗಿದೆ. ನಮ್ಮ ಮನೆಯವರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದರು. "ಸತ್ತವರ ಕಾರ್ಡು ಮದುವಿ ಕಾರ್ಡು ಒಂದ ಚೀಲದಾಗ ಯಾಕ ಇಟ್ರಿ?"

ಅವರು ಕಾರ್ಡು ನೋಡಿದರು, ಬಾಯಿ ತೊಳೆದು ಬಂದು ಮತ್ತೆ ನೋಡಿದರು. "ಇದನ್ನ ಹೆಂಗ ಬಿಡ್ಲಿ? ಹುಡುಗನ್ನ ನಾ ಮೊದಲ ನೋಡಿದ್ದ ಇದ ಕಾರ್ಯದಾಗ. ಅಪ್ಪ ಹೋದ ದುಃಖದಾಗೂ ಕಡೀ ಪಂಕ್ತಿ ಏಳೂತನ ನಿಂತು ಬಡಿಸಿದ. ಅವತ್ತ ಮನಸ್ಸಿನ್ಯಾಗ ಇಟಗೊಂಡಿದ್ದೆ, ಹುಡುಗ ಅಂದ್ರ ಇಂಥಾವ ಇರಬೇಕು ಅಂತ." ಆಮೇಲೆ ಮೆಲ್ಲಗೆ ಸೇರಿಸಿದರು: "ನೀ ಓದಿ ಕತ್ತರಿಸಬೇಕಾಗಿತ್ತು."

ಅದು ನಿಜವೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ನನ್ನ ಭಯ ಹೇಳಿಬಿಡುತ್ತೇನೆ. ಶಿವನ ಭಕ್ತರಿಗೆ ಸಾವು ಮೈಲಿಗೆಯಲ್ಲ ಎಂದು ನಮ್ಮ ಮಠದಲ್ಲಿ ಹೇಳುತ್ತಾರೆ. ಕೇಳುವಾಗ ಎಲ್ಲರೂ ತಲೆದೂಗುತ್ತೇವೆ. ಮನೆಗೆ ಬಂದ ಮೇಲೆ ಬೆಕ್ಕು ಅಡ್ಡ ಹೋದರೂ ನಿಲ್ಲುತ್ತೇವೆ. ಹೊಸ ಸೊಸೆಯ ಪೆಟ್ಟಿಗೆಯಲ್ಲಿ ಸತ್ತ ಮಾವನ ಕಾರ್ಯದ ಚಿತ್ರ ಎಂದರೆ ಯಾರು ಸುಮ್ಮನಿದ್ದಾರು? ಮೊದಲೇ ಅಕ್ಷತೆ ಹಾಕದ ಅತ್ತೆ. ನಾಳೆ ಆ ಮನೆಯಲ್ಲಿ ಹಾಲು ಒಡೆದರೂ ನನ್ನ ಮಗಳ ಪೆಟ್ಟಿಗೆಯ ಹೆಸರು ಬರುತ್ತದೆ. ನಾನು ಅಂಟಿಸಿದ ಒಂದು ಅಂಗೈಯಗಲ ಕಾಗದಕ್ಕೆ ಅವಳು ಜೀವನಪೂರ್ತಿ ಮಾತು ಕೇಳಬೇಕು.

ಫೋನು ಎತ್ತಿಕೊಂಡೆ, ಇಟ್ಟೆ. ಸುತ್ತ ಹತ್ತು ಜನ ಹೊಸಬರು ಕೂತಿರುವಾಗ ಆ ಹುಡುಗಿಗೆ ಇದನ್ನು ಹೇಳಿ ಏನು ಮಾಡಿಸಲಿ? ಗೋಡೆಗಡಿಯಾರದಲ್ಲಿ ಏಳೂವರೆ. ಹನ್ನೊಂದಕ್ಕೆ ಪೆಟ್ಟಿಗೆ ತೆರೆಯುತ್ತಾರೆ. ಉಳಿದ ಚಿತ್ರಗಳಲ್ಲಿ ದೀಪ ಮುಚ್ಚುವಷ್ಟು ದೊಡ್ಡ ನವಿಲೊಂದನ್ನು ಆರಿಸಿ, ಅಂಟಿನ ಬಾಟಲಿಯ ಜೊತೆ ಕೈಚೀಲಕ್ಕೆ ಹಾಕಿಕೊಂಡೆ. ಕಾರ್ಡನ್ನೂ ಹಾಕಿಕೊಂಡೆ.

"ಮದುವಿಯಾದ ಮರುದಿನ ಕರೀದ ಹೋಗತಾರೇನ? ಮಂದಿ ಏನಂದಾರು?" ಎಂದರು ನಮ್ಮ ಮನೆಯವರು.

"ಫೋನಿನ ಚಾರ್ಜರ್ ಬಿಟ್ಟು ಹೋಗ್ಯಾಳ. ಕೊಡಾಕ ಹೊಂಟೀನಿ," ಎಂದು ಅವಳ ಕಪಾಟಿನಲ್ಲಿದ್ದ ಹಳೆಯ ಚಾರ್ಜರನ್ನು ಸುತ್ತಿ ಚೀಲಕ್ಕೆ ತುರುಕಿದೆ.

ಬಸ್ಸು ಜೂರಾಲ ಅಣೆಕಟ್ಟಿನ ಮೇಲೆ ಹೋಗುವಾಗ ಕೆಳಗೆ ಕೃಷ್ಣೆ ತುಂಬಿ ನಿಂತಿದ್ದಳು. ಕಿಟಕಿಯ ಪಕ್ಕದಲ್ಲೇ ಕೂತಿದ್ದೆ. ಕಾರ್ಡನ್ನು ಇಲ್ಲೇ ಬಿಟ್ಟುಬಿಟ್ಟರೆ ಸಾಕ್ಷಿಯೇ ಇರುವುದಿಲ್ಲ, ಹೇಗೂ ಹೊಳೆಗೆ ಬಿಡುವುದೇ ಪದ್ಧತಿ ಎಂದು ಕೈ ಹೊರಗೆ ಹಾಕಿದೆ. ಅದರಲ್ಲಿ ಆ ಮನುಷ್ಯನ ಹೆಸರಿತ್ತು. ನನ್ನ ಅಳಿಯನನ್ನು ಬೆಳೆಸಿದವರ ಹೆಸರನ್ನು ಕಳ್ಳರಂತೆ ಬಸ್ಸಿನ ಕಿಟಕಿಯಿಂದ ಎಸೆಯಲು ಮನಸ್ಸು ಬರಲಿಲ್ಲ. ವಾಪಸ್ಸು ಚೀಲಕ್ಕೆ ಹಾಕಿದೆ.

ಗದ್ವಾಲದ ಮನೆ ಮುಟ್ಟುವಾಗ ಹನ್ನೊಂದಕ್ಕೆ ಹತ್ತೇ ನಿಮಿಷ. ಬಾಗಿಲಲ್ಲಿ ಬೀಗಿತ್ತಿಯೇ ನಿಂತಿದ್ದರು. ಬಿಳಿ ನೂಲಿನ ಸೀರೆ, ಹಣೆಯಲ್ಲಿ ವಿಭೂತಿ.

"ಬರ್ರಿ, ಬರ್ರಿ. ಎಲ್ಲಾರೂ ಆರಾಮ ಅದಾರಲ್ರೀ?"

"ಚಾರ್ಜರ್ ಬಿಟ್ಟು ಬಂದಾಳ್ರಿ, ಕೊಡಾಕ ಬಂದೆ," ಎಂದೆ, ಅವರು ಕೇಳುವ ಮೊದಲೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನದು ಅದೇ ಗತಿ.

ಪಡಸಾಲೆಯಲ್ಲಿ ಹೆಂಗಸರು ಸೇರಿದ್ದರು. ಮಣೆಯ ಮೇಲೆ ನನ್ನ ಪೆಟ್ಟಿಗೆ, ಪಕ್ಕದಲ್ಲಿ ಅರಿಶಿನ, ಕುಂಕುಮ, ಅಕ್ಷತೆಯ ತಟ್ಟೆ. ಹೊರಗಿನ ಚಿತ್ರಗಳನ್ನು ನೋಡಿ ಎಲ್ಲರೂ ಮೆಚ್ಚುತ್ತಿದ್ದರು. ತಮ್ಮ ತಮ್ಮ ಮನೆಯ ಲಗ್ನಪತ್ರಿಕೆ ಯಾವುದೆಂದು ಬೆರಳಿಟ್ಟು ತೋರಿಸುತ್ತಿದ್ದರು. ಮಗಳು ನನ್ನನ್ನು ಕಂಡು ಮುಖವರಳಿಸಿ, ಮರುಕ್ಷಣ ಹುಬ್ಬು ಗಂಟಿಕ್ಕಿದಳು. ಅವಳ ಚಾರ್ಜರ್ ಅವಳ ಹತ್ತಿರವೇ ಇತ್ತು.

ಬೀಗಿತ್ತಿಯ ನೆಗೆಣ್ಣಿ, ಆ ಮೈದುನನ ಹೆಂಡತಿ, ಪೆಟ್ಟಿಗೆಯ ಮುಂದೆ ಕೂತಿದ್ದಳು. ಆಕೆ ಅಲಂಪುರದ ಕಡೆಯವಳು, ಮಾತೆಲ್ಲ ತೆಲುಗಿನಲ್ಲೇ. "ಕೂರ್ಚೋಂಡಿ ವದಿನಾ," ಎಂದು ನನ್ನನ್ನು ಕೂರಿಸಿ, ಬಲಗಡೆಯ ಕೊಂಡಿ ಎತ್ತಿದಳು. ಬಂತು. ಎಡಗಡೆಯದನ್ನು ಎತ್ತಿದಳು. ಬರಲಿಲ್ಲ. ಎಳೆದಳು, ತಿರುವಿದಳು, ಬಳೆ ಸದ್ದು ಮಾಡುತ್ತಾ ಗುದ್ದಾಡಿದಳು. "ಇದಿ ತೆರುಚುಕೋವಟ್ಲೇದು," ಎಂದು ಕೈ ಬಿಟ್ಟಳು. ತೆರೆಯುತ್ತಿಲ್ಲ! ಮಗಳು ಪ್ರಯತ್ನಿಸಿದಳು. ಅವಳಿಗೂ ಬಗ್ಗಲಿಲ್ಲ. ಮೂವತ್ತು ವರ್ಷ ಆ ಕೊಂಡಿಯನ್ನು ಬೈದವಳು ಆವತ್ತು ಮನಸ್ಸಿನಲ್ಲೇ ಅದಕ್ಕೆ ಕೈಮುಗಿದೆ.

ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಯಾರೋ ಸ್ಕ್ರೂಡ್ರೈವರ್ ತಂದರು. ಮೀಟಿ ಮುರಿದರೆ ಆಯಿತು ಎಂದರು. ಅಪ್ಪ ರಾಯಚೂರಿನಿಂದ ತಲೆಯ ಮೇಲೆ ಹೊತ್ತು ತಂದ ಪೆಟ್ಟಿಗೆ ಅದು.

"ನಿಂದರ್ರಿ!" ಎಂದೆ. ಬೀಗಿತ್ತಿ ಪಡಸಾಲೆಯೊಳಗೆ ಬಂದಿರಲಿಲ್ಲ, ದೇವರ ಕೋಣೆಯ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದರು. ಹತ್ತಿರ ಹೋದೆ. "ಅಕ್ಕಾರ, ಒಂದ ಮಾತು ಹೇಳೋದೈತ್ರಿ. ಒಳಗ ಬರ್ರಿ."

ದೇವರ ಕೋಣೆಯೊಳಗೆ ಹೋದೆವು. ಎದುರಿಗೇ ಹಿತ್ತಾಳೆಯ ತೂಗುದೀಪ ಉರಿಯುತ್ತಿತ್ತು. ಮೇಲೆ ಹಂಸ, ಅದರ ಕೊಕ್ಕು ಮೊಂಡು. ಪ್ರೆಸ್ಸಿನವರ ತಪ್ಪಾಗಿರಲಿಲ್ಲ.

ಕಾರ್ಡು ತೆಗೆದು ಆಕೆಯ ಕೈಗೆ ಕೊಟ್ಟೆ. ತೂತಿನೊಳಗೆ ಬೆರಳಾಡಿಸಿ, ಆಮೇಲೆ ಬಿಡಿಸಿ ಹೆಸರು ಓದಿದರು.

"ಓದದ ಕತ್ತರಿಸಿಬಿಟ್ಟೆ ರೀ. ಮದುವಿ ಕಾರ್ಡು ಅನಕೊಂಡೆ. ಒಳಮುಚ್ಚಳದ ನಡುವ ಹಚ್ಚೀನಿ. ತಪ್ಪು ನಂದು, ಹುಡುಗೀದಲ್ಲ. ಆಕೀಗಿ ಗೊತ್ತ ಇಲ್ಲ." ನವಿಲನ್ನೂ ಅಂಟಿನ ಬಾಟಲಿಯನ್ನೂ ಹೊರತೆಗೆದೆ. "ಒಂದ ನಿಮಿಷ ಕೊಡ್ರಿ, ಇದನ್ನ ಅದರ ಮ್ಯಾಲ ಹಚ್ಚಿಬಿಡ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

ಆಕೆ ನವಿಲನ್ನು ನೋಡಿದರು, ಬೆವೆತ ನನ್ನ ಮುಖ ನೋಡಿದರು. "ಚಾರ್ಜರ್ ಸುಳ್ಳಲ್ರೀ?"

"ಸುಳ್ಳು ರೀ."

ಆಕೆ ನಕ್ಕರು. ಆ ಮುಖದಲ್ಲಿ ನಗು ನಾನು ನೋಡಿದ್ದು ಅದೇ ಮೊದಲು. ನಗುತ್ತಲೇ ಕಣ್ಣು ತುಂಬಿದವು.

"ಅವರ ಫೋಟೋ ಹಾಕ್ಸು ಅಂತ ಎಲ್ಲಾರೂ ಅಂದ್ರು. ನನಗ ಮನಸ್ಸಾಗಲಿಲ್ಲ. ದಿನಾ ಸಂಜಿಕ ಈ ದೀಪ ಹಚ್ಚತಿದ್ದವರು ಅವರ. ಇದರ ಕೊಕ್ಕು ಮುರದವರೂ ಅವರ, ಸುಣ್ಣ ಬಳಿಯೂ ಮುಂದ ಕೈಜಾರಿ ಕೆಡವಿದ್ರು. ಅದಕ್ಕ ದೀಪಾನ ಕಾರ್ಡಿಗಿ ಹಾಕಸಿದೆ. ಎಲ್ಲಾ ಹಂಚಿಬಿಟ್ವಿ, ಮನ್ಯಾಗ ಒಂದೂ ಉಳೀಲಿಲ್ಲ." ಕಾರ್ಡನ್ನು ಸೆರಗಿನಲ್ಲಿ ಹಿಡಿದುಕೊಂಡರು. "ನಿನ್ನಿ ಅಕ್ಕಿಕಾಳು ಕೈಯಾಗ ಹಿಡಕೊಂಡ ಇದ್ದೆ ರೀ. ಗಂಡಿಲ್ಲದಾಕಿ ಹಾಕಿದ್ಲು ಅಂತ ನಿಮ್ಮ ಮಂದಿಗಿ ಎಲ್ಲಿ ಕೆಟ್ಟ ಅನಸತೈತೋ ಅಂತ ಹಾಕಲಿಲ್ಲ. ಮನೀಗಿ ಬಂದು ಮುಷ್ಟಿ ಬಿಚ್ಚಿದ್ರ ಕಾಳು ಅಂಗೈಗಿ ಅಂಟಿದ್ವು."

ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಆ ಮುಚ್ಚಿದ ಮುಷ್ಟಿಯನ್ನು ನೋಡಿಯೇ ನಾನು ಒಂದು ದಿನವಿಡೀ ಆಕೆಯನ್ನು ಬೈದಿದ್ದೆ. ಓದದೆ ಕತ್ತರಿಸುವುದು ನನಗೆ ಕಾರ್ಡಿನಲ್ಲಿ ಮಾತ್ರ ಇದ್ದ ಚಾಳಿಯಲ್ಲ.

"ಬರ್ರಿ ಅಕ್ಕಾರ. ಪೆಟಗಿ ನೀವ ತೆಗೀರಿ," ಎಂದೆ.

"ನಾ ಮುಟ್ಟಂಗಿಲ್ರೀ. ಅದಕ್ಕ ನೆಗೆಣ್ಣಿನ ಕೂಡಿಸೀನಿ."

"ನಿಮ್ಮ ನೆಗೆಣ್ಣಿಗಿ ತೆಗ್ಯಾಕ ಬರಂಗಿಲ್ಲ, ನನ್ನ ಮಗಳಿಗೂ ಬರಂಗಿಲ್ಲ. ಲೋಕದಾಗ ನನಗೊಬ್ಬಾಕಿಗಿ ಬರತೈತಿ. ಗಂಡಗೂ ಕಲಸಿಲ್ಲ. ಇವತ್ತ ನಿಮಗ ಕಲಸ್ತೀನಿ. ಹುಡುಗಿ ತಾಯಿ ನಾ ಹೇಳಾಕತ್ತೀನಿ, ಯಾರೇನಂತಾರ ನೋಡೂಣು."

ಕೈ ಹಿಡಿದು ಕರೆದುಕೊಂಡು ಬಂದೆ. ಆಕೆ ಮಣೆಯ ಮುಂದೆ ಕೂತರು. ನೆಗೆಣ್ಣಿ ಒಂದು ಕ್ಷಣ ನನ್ನ ಮುಖ ನೋಡಿ, ಸರಿದು ಜಾಗ ಕೊಟ್ಟಳು. "ಎಡಗೈಲೆ ಒತ್ತಿ ಹಿಡೀರಿ. ಇನ್ನಾ ಜೋರಲೆ. ಬಲಗೈ ಹೆಬ್ಬೆರಳು ಒಳಗಡಿ ಸರಸ್ರಿ. ಹೊರಗ ಅಲ್ಲ, ಒಳಗ." ಟಕ್ ಎಂದಿತು.

ಮುಚ್ಚಳ ಎದ್ದಿತು. ಹಸಿರು ಚೌಕಳಿ, ಗದ್ವಾಲದ ರೇಷ್ಮೆ ಅಂಚು, ನಡುವೆ ದೀಪ. "ಅಕ್ಕಾ, ಮನ ದೀಪಂ ಕದಾ?" ಎಂದಳು ನೆಗೆಣ್ಣಿ. ನಮ್ಮ ದೀಪವಲ್ಲವೇ? ಉಳಿದವರೂ ಬಗ್ಗಿ ನೋಡಿದರು.

ಬೀಗಿತ್ತಿ ಮೊಂಡು ಕೊಕ್ಕಿನ ಮೇಲೆ ಬೆರಳಿಟ್ಟರು. "ಹೂಂ, ನಮ್ಮದ. ಅವರ ಕಾರ್ಯದ ಕಾರ್ಡಿಂದು. ನಾಕು ವರ್ಷ ಮಕ್ತಲದಾಗ ಇತ್ತು. ಸೊಸೀ ಕೂಡ ಮನೀಗಿ ಬಂತು."

ಹಿರಿಯಳೇ ಹಾಗೆಂದ ಮೇಲೆ ಯಾರು ಏನನ್ನುತ್ತಾರೆ? ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು ಕೈ ಮುಗಿದಳು. ಏನೂ ಅರ್ಥವಾಗದೆ ನನ್ನ ಮಗಳು ಒಮ್ಮೆ ನನ್ನನ್ನು, ಒಮ್ಮೆ ಅತ್ತೆಯನ್ನು ನೋಡುತ್ತಿದ್ದಳು. ಆಕೆ ತಟ್ಟೆಯಿಂದ ಅಕ್ಷತೆ ತೆಗೆದುಕೊಂಡು ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ. ಮುಷ್ಟಿ ಬಿಚ್ಚಿ ಮಗಳ ತಲೆಯ ಮೇಲೆ ಹಾಕಿದರು. ಒಂದು ಸಲ, ಎರಡು ಸಲ, ಮೂರು ಸಲ. ಮೂರನೆಯ ಸಲ ಕೈಯನ್ನು ತಲೆಯ ಮೇಲೆಯೇ ಇಟ್ಟುಬಿಟ್ಟರು. ಹಿಂದಿನ ದಿನ ಮಗಳನ್ನು ಕಳಿಸುವಾಗ ಬಾರದ ಅಳು ನನಗೆ ಆಗ ಬಂತು.

ಊಟ ಮಾಡಿಸದೆ ಬಿಡಲಿಲ್ಲ. ಕತ್ತರಿಸಿದ ಕಾರ್ಡನ್ನು ಆಕೆ ದೇವರ ಕೋಣೆಯಲ್ಲಿ ದೀಪದ ಹಿಂದೆ ಇಟ್ಟರು. ಹಾಗಾಗಿ ಕೃಷ್ಣೆಗೆ ಬಿಟ್ಟ ಕಾರ್ಡುಗಳಲ್ಲಿ ಅದೊಂದಿಲ್ಲ. ನವಿಲು ನನ್ನ ಹೊಲಿಗೆ ಮಷೀನಿನ ಡ್ರಾಯರಿನಲ್ಲಿದೆ. ಮೊನ್ನೆ ಫೋನಿನಲ್ಲಿ ಮಗಳು ದೂರು ಹೇಳಿದಳು: "ಯವ್ವಾ, ಆ ಎಡಗಡಿ ಕೊಂಡಿ ನನಗ ಇನ್ನಾ ಬರವಲ್ದು. ಸೀರಿ ಬೇಕಾದ್ರ ದಿನಾ ಅತ್ತೀನ ಕರೀಬೇಕು."

"ಕರಿ," ಎಂದೆ. "ದಿನಾ ಕರಿ."